ಚಂದ್ರಹಾಸರ ಗ್ಲೌಸ್ ಕಪ್

ಚಂದ್ರಹಾಸರಿಗೆ ಗ್ಲೌಸಿನ ಬಗ್ಗೆ ಏನೂ ಗೊತ್ತಿರಲಿಲ್ಲ ಎಂದರೆ ಅನ್ಯಾಯವಾದೀತು. ನಿವೃತ್ತರಾಗುವ ತನಕ ಅವರು ಕೆನಡಾದ ಬ್ರ್ಯಾಂಪ್ಟನ್ನಿನ ಒಂದು ಗೋದಾಮಿನಲ್ಲಿ ಕೆಲಸ ಮಾಡಿದವರು. ಅಲ್ಲಿಗೆ ಗ್ಲೌಸಿನ ಪೆಟ್ಟಿಗೆಗಳೂ ಬರುತ್ತಿದ್ದವು. ಪೆಟ್ಟಿಗೆಯನ್ನು ಯಾವ ಮಗ್ಗುಲಿಗೆ ಇಡಬೇಕು, ಒಂದರ ಮೇಲೊಂದು ಎಷ್ಟು ಪೇರಿಸಬಹುದು ಎನ್ನುವುದೆಲ್ಲ ಅವರಿಗೆ ನೀರು ಕುಡಿದಷ್ಟು ಸಲೀಸು. ಪೆಟ್ಟಿಗೆಯ ಒಳಗೆ ಏನಿದೆ ಎಂದು ಮಾತ್ರ ಅವರು ಒಂದು ದಿನವೂ ಇಣುಕಿ ನೋಡಿರಲಿಲ್ಲ. ಈ ಲೋಕದಲ್ಲಿ ಬಹಳಷ್ಟು ಪರಿಣತರ ಪರಿಣತಿ ಇದೇ ಜಾತಿಯದು. ಚಂದ್ರಹಾಸರೊಬ್ಬರನ್ನೇ ದೂರಿ ಏನು ಫಲ?

ಈ ಪರಿಣತಿ ಬೆಳಕಿಗೆ ಬಂದದ್ದು ಎರಡು ಸಾವಿರದ ಹತ್ತೊಂಬತ್ತರ ಮೇ ತಿಂಗಳ ಕೊನೆಯ ಒಂದು ಭಾನುವಾರ, ಮಾರ್ಕಮ್ಮಿನಲ್ಲಿರುವ ಸತ್ಯಪ್ರಕಾಶರ ಬೇಸ್‌ಮೆಂಟಿನಲ್ಲಿ. ಸತ್ಯಪ್ರಕಾಶರು ಕನ್ನಡ ಬಳಗದ ಅಧ್ಯಕ್ಷರು. ಬಳಗದವರು ವರ್ಷಕ್ಕೊಮ್ಮೆ, ಜೂನಿನಲ್ಲಿ, ಒಂದು ಪಾರ್ಕಿನ ಷೆಡ್ಡನ್ನು ಬಾಡಿಗೆಗೆ ಹಿಡಿದು ವನಭೋಜನ ನಡೆಸುತ್ತಿದ್ದರು. ಹಾಡು, ಹಗ್ಗಜಗ್ಗಾಟ, ಭಾಷಣ ಎಲ್ಲವೂ ಇರುತ್ತಿದ್ದವು. ಆದರೆ ಜನ ಬರುತ್ತಿದ್ದದ್ದು ಲೀಲಮ್ಮನವರ ಪುಳಿಯೋಗರೆಗೆ. ದೂರದ ಒಶಾವಾದಿಂದ ಕಾರು ಹತ್ತಿ ಬರುವವರು ಕೂಡ ಭಾಷಣ ಮುಗಿಯುವ ಹೊತ್ತನ್ನು ಲೆಕ್ಕ ಹಾಕಿ, ಪುಳಿಯೋಗರೆ ಕಲಸುವ ಹೊತ್ತಿಗೆ ಸರಿಯಾಗಿ ಬಂದಿಳಿಯುತ್ತಿದ್ದರು.

ಅಂದು ಸತ್ಯಪ್ರಕಾಶರು ಫೋನನ್ನು ದೂರ ಹಿಡಿದು, ಕನ್ನಡಕ ಸರಿಮಾಡಿಕೊಂಡು ಹೇಳಿದರು:

"ಈ ಸಲ ಪರ್ಮಿಟ್ ಜೊತೆ ಒಂದು ಹೊಸ ಕಂಡೀಷನ್ ಬಂದಿದೆ. ಫುಡ್ ಮುಟ್ಟೋರೆಲ್ಲ ಡಿಸ್ಪೋಸಬಲ್ ಗ್ಲೌಸ್ ಹಾಕ್ಕೊಂಡಿರ್ಬೇಕಂತೆ. ನೋ ಎಕ್ಸೆಪ್ಷನ್ಸ್."

ಸೋಫಾದ ತುದಿಯಲ್ಲಿ ಶಾಲಿನೊಳಗೆ ಕೈ ಹುದುಗಿಸಿ ಕೂತಿದ್ದ ಲೀಲಮ್ಮ ತಣ್ಣಗೆ ಹೇಳಿದರು: "ಹಾಗಾದ್ರೆ ಪುಳಿಯೋಗರೆ ಈ ಸಲ ಬೇರೆ ಯಾರಾದ್ರೂ ಕಲಸ್ಲಿ."

"ಆಂಟೀ, ಸ್ಪೂನಲ್ಲಿ ಕಲಸ್ಬಹುದಲ್ವಾ?" ಎಂದರು ಸತ್ಯಪ್ರಕಾಶ್.

"ಸ್ಪೂನಲ್ಲಿ ಕಲಸಿದ್ರೆ ಅದು ಸಿಮೆಂಟು."

"ಒಂದು ದಿನಕ್ಕೆ ಗ್ಲೌಸ್ ಅಡ್ಜಸ್ಟ್ ಮಾಡ್ಕೊಳ್ಳಿ ಆಂಟೀ."

"ನನ್ನದು ಮಡಿ ಅಡುಗೆ ಕಣಪ್ಪ. ರಬ್ಬರ್ ಚೀಲದೊಳಗೆ ಕೈ ಇಟ್ಕೊಂಡು ಅನ್ನ ಮುಟ್ಟಲ್ಲ. ನೀವು ಕೇಟರಿಂಗ್‌ನೋರಿಗೆ ಹೇಳ್ಬಿಡಿ. ನಾನು ಮನೇಲೇ ಇರ್ತೀನಿ."

ಲೀಲಮ್ಮನವರಿಗೆ ಎಂಬತ್ತು ಹತ್ತಿರ. ಯಜಮಾನರು ತೀರಿಕೊಂಡ ಮೇಲೆ ಅವರು ಹೊರಗೆ ಹೋಗುವುದೇ ಕಡಿಮೆಯಾಗಿತ್ತು. ವನಭೋಜನಕ್ಕೂ ಬರುವುದಿಲ್ಲ ಎಂದರೆ ಇನ್ನೆಲ್ಲಿಗೂ ಬರುವುದಿಲ್ಲ ಎಂದೇ ಅರ್ಥ. ಇದು ಎಲ್ಲರಿಗೂ ಗೊತ್ತಿತ್ತು.

ಚಂದ್ರಹಾಸರಿಗೆ ಬೇರೊಂದು ವಿಷಯವೂ ನೆನಪಾಯಿತು. ಅವರು ಈ ದೇಶಕ್ಕೆ ಬಂದ ಮೊದಲ ಚಳಿಗಾಲದಲ್ಲಿ ಹೆಂಡತಿ ವಸಂತಾ ಆಸ್ಪತ್ರೆ ಸೇರಿದ್ದರು. ಆಗಿನ್ನೂ ಸರಿಯಾಗಿ ಪರಿಚಯವೂ ಇರದ ಲೀಲಮ್ಮ ಹಿಮದಲ್ಲಿ ಎರಡು ಬಸ್ಸು ಬದಲಾಯಿಸಿ, ಫ್ಲಾಸ್ಕಿನಲ್ಲಿ ಮೆಣಸಿನ ಸಾರು ತಂದಿದ್ದರು. ಚಂದ್ರಹಾಸರು ಆ ಉಪಕಾರದ ಮಾತು ತೆಗೆದಾಗಲೆಲ್ಲ ಅವರು "ಅವತ್ತು ಮೆಣಸು ಒಂಚೂರು ಜಾಸ್ತಿಯಾಗಿತ್ತು ಅಲ್ವಾ" ಎಂದು ಮಾತು ಮರೆಸಿಬಿಡುತ್ತಿದ್ದರು. ಹೀಗೆ ಹೇಳಬೇಕಾದ ಕೃತಜ್ಞತೆ ಹೇಳದೆಯೇ ಚಂದ್ರಹಾಸರ ಗಂಟಲಲ್ಲಿ ವರ್ಷಗಟ್ಟಲೆ ಕೂತಿತ್ತು. ಅದು ಈಗ ತಪ್ಪು ದಾರಿ ಹಿಡಿದು ಹೊರಬಂತು.

"ಲೀಲಮ್ಮ, ಗ್ಲೌಸ್ ಅಂದ್ರೆ ಎಲ್ಲಾ ಒಂದೇ ಅಲ್ಲ," ಎಂದು ಗಂಟಲು ಸರಿಮಾಡಿಕೊಂಡರು ಚಂದ್ರಹಾಸ. "ಅದು ಒಂದು ಶಾಸ್ತ್ರ. ಮಡಿಗೆ ಒಗ್ಗೋ ಗ್ಲೌಸೂ ಇದೆ. ನನಗೆ ಬಿಡಿ."

"ನಿಮಗೆ ಗ್ಲೌಸ್ ಬಗ್ಗೆ ಗೊತ್ತಾ ಸಾರ್?" ಸತ್ಯಪ್ರಕಾಶರ ಮುಖ ಅರಳಿತು.

"ಲಕ್ಷಗಟ್ಟಲೆ ಗ್ಲೌಸ್ ನನ್ನ ಕೈಮೇಲೆ ಹೋಗಿದೆ."

ವಸಂತಾಗೆ ಕೆಮ್ಮು ಬಂತು. ಅವರ ದಾಂಪತ್ಯದಲ್ಲಿ ಆ ಕೆಮ್ಮಿಗೆ ಒಂದೇ ಅರ್ಥ, 'ಇಲ್ಲಿಗೆ ನಿಲ್ಲಿಸಿ'. ಆದರೆ ಅಷ್ಟು ಹೊತ್ತಿಗೆ ಚಂದ್ರಹಾಸರನ್ನು ಗ್ಲೌಸ್ ಕಮಿಟಿಯ ಚೇರ್ಮನ್ ಎಂದು ಸರ್ವಾನುಮತದಿಂದ ಆರಿಸಿಯಾಗಿತ್ತು.

"ಈ ವಾರ ಬಿಟ್ಟು ಮುಂದಿನ ಸಾಟರ್‌ಡೇ ತನಕ ಟೈಮ್," ಎಂದರು ಸತ್ಯಪ್ರಕಾಶ್. "ಅಷ್ಟರೊಳಗೆ ಲೀಲಮ್ಮ ಆಂಟಿ ಎಸ್ ಅನ್ನದಿದ್ರೆ ಕೇಟರರ್‌ಗೆ ಕನ್‌ಫರ್ಮ್ ಮಾಡ್ಬೇಕಾಗುತ್ತೆ. ಬಟರ್ ನಾನ್, ಪನೀರ್."

ವಾಪಸ್ಸು ಬರುವಾಗ ಕಾರಿನಲ್ಲಿ ವಸಂತಾ ಕೇಳಿದರು: "ರೀ, ಮಡಿ ಗ್ಲೌಸು ಯಾವ್ದು?"

"ಅದನ್ನೇ ಹುಡುಕ್ಬೇಕು," ಎಂದರು ಚೇರ್ಮನ್.

ಮರುದಿನ ಅಂಗಡಿಯಲ್ಲಿ ಚಂದ್ರಹಾಸರು ಮೊದಲ ಬಾರಿಗೆ ಪೆಟ್ಟಿಗೆಯ ಒಳಗಿನ ಪ್ರಪಂಚವನ್ನು ಕಂಡರು. ಪಾಲಿಥೀನು, ವಿನೈಲು, ಲೇಟೆಕ್ಸು, ನೈಟ್ರೈಲು ಎಂದು ನಾಲ್ಕು ಕುಲ. ಒಂದೊಂದರಲ್ಲೂ ಚಿಕ್ಕದು, ದೊಡ್ಡದು, ಇನ್ನೂ ದೊಡ್ಡದು. ಯಾವ ಪೆಟ್ಟಿಗೆಯ ಮೇಲೂ ಮಡಿಯ ವಿಚಾರ ಬರೆದಿರಲಿಲ್ಲ. ಏನೂ ತೋಚದೆ ನಾಲ್ಕೂ ಕುಲದವರನ್ನು ಮನೆಗೆ ಕರೆತಂದರು.

ಆಗ ಇಡೀ ಟೊರಾಂಟೊ ಸುತ್ತಿನ ಊರುಗಳಿಗೆ ಬ್ಯಾಸ್ಕೆಟ್‌ಬಾಲ್ ಜ್ವರ ಹಿಡಿದಿತ್ತು. ರ‍್ಯಾಪ್ಟರ್ಸ್ ತಂಡ ಫೈನಲ್ ತಲುಪಿತ್ತು. ಕಾರುಗಳ ಮೇಲೆ ಬಾವುಟ, ಮಕ್ಕಳ ಮೈಮೇಲೆ ಕೆಂಪು ಜರ್ಸಿ, ಬಸ್ಸಿನ ಡ್ರೈವರನ ಬಾಯಲ್ಲೂ ಅದೇ ಮಾತು. ಅಂಥ ಗಾಳಿಯಲ್ಲಿ ಚಂದ್ರಹಾಸರಿಗೆ ಹೊಳೆದದ್ದು ಒಂದೇ ದಾರಿ. ಯಾವುದು ಶ್ರೇಷ್ಠ ಎಂದು ಗೊತ್ತಿಲ್ಲದಿದ್ದರೆ ಪಂದ್ಯ ಕಟ್ಟಬೇಕು. ಒಂದು ರಟ್ಟಿನ ಮೇಲೆ ಎರಡು ಸೆಮಿಫೈನಲ್ಲು, ಒಂದು ಫೈನಲ್ಲು ಎಂದು ಮಾರ್ಕರಿನಲ್ಲಿ ಬರೆದು ಗರಾಜಿನ ಗೋಡೆಗೆ ಅಂಟಿಸಿದರು. ಮೇಲೆ ದಪ್ಪ ಅಕ್ಷರದಲ್ಲಿ 'ಗ್ಲೌಸ್ ಕಪ್' ಎಂದು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದರು. ಅಂಕಣ, ಗರಾಜಿನ ಮಡಚುವ ಮೇಜು. ಆಟಗಾರ್ತಿ, ವಸಂತಾ. ಅವರ ಎಡಗೈ ಒಂದು ತಂಡಕ್ಕೆ, ಬಲಗೈ ಇನ್ನೊಂದಕ್ಕೆ. ಅಂಪೈರು, ಕಾಮೆಂಟೇಟರು ಮತ್ತು ರುಚಿ ನೋಡುವವರು ಚಂದ್ರಹಾಸರೇ.

ಮೊದಲ ಸೆಮಿಫೈನಲ್ಲಿಗೆ ಪಕ್ಕದ ಮನೆಯ ಹರ್ಜಿಂದರ್ ಮಡಚುವ ಕುರ್ಚಿಯೊಂದಿಗೆ ಬಂದು ಕೂತ. ಅವನು ಟ್ರಕ್ ಓಡಿಸುವವನು. ಚಳಿಗಾಲದಲ್ಲಿ ತನ್ನ ಡ್ರೈವ್‌ವೇ ಹಿಮ ತೆಗೆದ ಮೇಲೆ, ಯಾರೂ ಹೇಳದೆಯೇ, ಚಂದ್ರಹಾಸರದ್ದನ್ನೂ ತೆಗೆದು, ಅವರು ಕಿಟಕಿಯಿಂದ ನೋಡುವ ಮೊದಲೇ ಮಾಯವಾಗುವಂಥವನು. ಅವನಿಗೂ ಚಂದ್ರಹಾಸರಿಗೂ ಮಾತು ನಡೆಯುತ್ತಿದ್ದದ್ದು ಒಂದು ಬಗೆಯ ಹಿಂದಿಯಲ್ಲಿ. ಅದರ ವ್ಯಾಕರಣಕ್ಕೆ ಇಬ್ಬರೂ ಜವಾಬ್ದಾರರಲ್ಲ.

ಚಂದ್ರಹಾಸರು ಚಿಕ್ಕಂದಿನಿಂದ ರೇಡಿಯೊದಲ್ಲಿ ಕ್ರಿಕೆಟ್ ಕೇಳಿ ಬೆಳೆದವರು. ಬ್ಯಾಸ್ಕೆಟ್‌ಬಾಲ್ ಅವರಿಗೆ ಹೊಸದು. ಹಾಗಾಗಿ ಕಾಮೆಂಟರಿಯಲ್ಲಿ ಎರಡೂ ಬೆರೆತವು.

"ಇದೀಗ ಪಾಲಿಥೀನು ಪೆವಿಲಿಯನ್ ಕಡೆಯಿಂದ ಬರ್ತಾ ಇದಾರೆ. ಎದುರಿಗೆ ವಿನೈಲು. ಬಿಸಿ ಅನ್ನ ಬಿದ್ದಿದೆ. ಹಬೆ ಏಳ್ತಾ ಇದೆ. ವಸಂತಾ ಕೈ ಹಾಕಿದಾರೆ, ಬುಟ್ಟಿ ಕಡೆ ನುಗ್ಗಿದಾರೆ..."

"ಡಿಫೆನ್ಸ್, ಡಿಫೆನ್ಸ್," ಎಂದು ಹರ್ಜಿಂದರ್ ಚಪ್ಪಾಳೆ ತಟ್ಟಿದ.

"ಸುಮ್ನಿರಿ, ಕೈ ಸುಡ್ತಿದೆ," ಎಂದರು ವಸಂತಾ.

ಪಾಲಿಥೀನು ಬ್ರೆಡ್ಡಿನ ಕವರಿನಂತೆ ಜೋತಾಡುತ್ತಿತ್ತು. ಅನ್ನ ಒಂದು ಕಡೆ ಹೋದರೆ ಅದು ಇನ್ನೊಂದು ಕಡೆ. ಅಂಪೈರು ಒಂದು ತುತ್ತು ಬಾಯಿಗಿಟ್ಟು, ಗಂಭೀರವಾಗಿ ಅಗಿಯುತ್ತ, ಉಪ್ಪು ಸರಿಯಾಗಿ ಬೆರೆತಿದೆ ಎಂದು ತೀರ್ಪಿತ್ತರು. ಆಗ ವಸಂತಾ ಎಡಗೈಯನ್ನು ಮೇಲೆತ್ತಿದರು. ಗ್ಲೌಸಿಗೆ ಹೆಬ್ಬೆರಳೇ ಇರಲಿಲ್ಲ.

ಪಂದ್ಯ ನಿಂತಿತು. ಅನ್ನವನ್ನೆಲ್ಲ ಮೊರದಷ್ಟು ಅಗಲದ ತಟ್ಟೆಗೆ ಸುರಿದು, ಮೂವರೂ ತಲೆ ಬಗ್ಗಿಸಿ ಕಲ್ಲು ಆರಿಸುವಂತೆ ಹುಡುಕಿದರು. ಹರ್ಜಿಂದರ್ ಫೋನಿನ ಟಾರ್ಚು ಹಾಕಿದ. ಅಗುಳು ಅಗುಳು ತಡಕಿದರೂ ಹೆಬ್ಬೆರಳಿಲ್ಲ.

"ನೀವು ಏನ್ರೀ ಇನ್ನೂ ಅಗೀತಾ ಇದೀರಾ?" ಎಂದರು ವಸಂತಾ.

"ಕರಿಬೇವು. ಸ್ವಲ್ಪ ಗಟ್ಟಿ."

"ನಾನು ಕರಿಬೇವು ಹಾಕೇ ಇಲ್ಲ. ಉಗೀರಿ."

ಹೀಗೆ ಪಾಲಿಥೀನು ಪಂದ್ಯಾವಳಿಯಿಂದ ಹೊರಬಿತ್ತು.

ಎರಡನೆಯ ಸೆಮಿಫೈನಲ್ಲು ಎಣ್ಣೆಯಲ್ಲಿ ನೆನೆದ ಹೋಳಿಗೆ ಕಣಕದ ಮೇಲೆ. ಲೇಟೆಕ್ಸು ಮೊದಲು ಚರ್ಮದಂತೆ ಕೈಗೆ ಅಂಟಿಕೊಂಡು ಭರವಸೆ ಹುಟ್ಟಿಸಿತು. ಎಣ್ಣೆ ತಗುಲುತ್ತ ತಗುಲುತ್ತ ಸಡಿಲವಾಗಿ, ಕೊನೆಗೆ ಕಣಕಕ್ಕೆಲ್ಲ ಹುಟ್ಟುಹಬ್ಬದ ಬಲೂನಿನ ವಾಸನೆ ಹತ್ತಿಸಿತು. ನೀಲಿ ನೈಟ್ರೈಲು ಮಾತ್ರ ಕದಲಲಿಲ್ಲ. ಫೈನಲ್ಲಿಗೆ ವಿನೈಲು ಮತ್ತು ನೈಟ್ರೈಲು ಎಂದು ತೀರ್ಮಾನವಾಯಿತು. ಆದರೆ ವಸಂತಾ ಪಟ್ಟು ಬಿಡದೆ, ಆ ಎರಡನ್ನೂ ರೊಟ್ಟಿಗೆ, ಸೊಪ್ಪಿಗೆ, ಉಪ್ಪಿನಕಾಯಿಗೆ ಎಂದು ಎರಡು ದಿನ ಅಭ್ಯಾಸಕ್ಕೆ ಇಳಿಸಿದರು. ಪೆಟ್ಟಿಗೆಗಳು ಖಾಲಿಯಾಗುತ್ತ ಬಂದವು.

ಇಲ್ಲಿ ಒಂದು ವಿಷಯ ಹೇಳಬೇಕು. ಕೆನಡಾದ ಜನಕ್ಕೆ ಡಿಸ್ಪೋಸಬಲ್ ಎಂದರೆ ಒಮ್ಮೆ ಬಳಸಿ ಬಿಸಾಡುವುದು. ವಸಂತಾ ಅವರ ಮನೆಯಲ್ಲಿ ತೂತು ಬೀಳುವ ತನಕ ಯಾವುದೂ ಡಿಸ್ಪೋಸಬಲ್ ಅಲ್ಲ. ಮೊಸರಿನ ಡಬ್ಬಿಗಳಲ್ಲಿ ಹುಳಿಪುಡಿ, ಬ್ರೆಡ್ಡಿನ ಕವರಿನಲ್ಲಿ ಕೊತ್ತಂಬರಿ, ಜಿಪ್‌ಲಾಕ್ ಚೀಲಗಳು ತೊಳೆದು ಒಣಗಿ ಮತ್ತೆ ಮತ್ತೆ ಜನ್ಮವೆತ್ತುತ್ತಿದ್ದವು. ಹಾಗಿರುವಾಗ ಐದು ಬೆರಳೂ ನೆಟ್ಟಗಿರುವ ಗ್ಲೌಸನ್ನು ಬಿಸಾಡುವುದು ಎಂಥ ಪಾಪ. ಅವರು ಅಷ್ಟನ್ನೂ ಸೋಪಿನಲ್ಲಿ ತೊಳೆದು, ಹಿತ್ತಿಲಿನ ಹಗ್ಗಕ್ಕೆ ಕ್ಲಿಪ್ಪು ಹಾಕಿ ಒಣಗಲು ಬಿಟ್ಟರು. ಜೂನಿನ ಗಾಳಿ ಬೀಸಿತು. ಗ್ಲೌಸುಗಳು ಒಂದೊಂದಾಗಿ ಉಬ್ಬಿ, ಬಿಳಿಯವೂ ನೀಲಿಯವೂ ಬೆರಳಾಡಿಸುತ್ತ, ಇಡೀ ಬ್ರ್ಯಾಂಪ್ಟನ್ನನ್ನು 'ಬಾ ಬಾ' ಎಂದು ಕರೆಯತೊಡಗಿದವು.

ಮೊದಲು ಓಗೊಟ್ಟವರು ಹರ್ಜಿಂದರನ ತಾಯಿ. ಬೀದಿಯವರೆಲ್ಲ ಅವರನ್ನು ಬೀಜಿ ಎನ್ನುತ್ತಿದ್ದರು. ಬೇಲಿಯ ಸಂದಿಯಿಂದ ಆ ಕೈಗಳನ್ನು ನೋಡಿದ ಬೀಜಿ ಕ್ಷಣದಲ್ಲಿ ಲೆಕ್ಕ ಹಾಕಿದರು. ದಿನಕ್ಕೆ ಇಷ್ಟು ಗ್ಲೌಸು ಬಳಸುವ ಮನುಷ್ಯ ಡಾಕ್ಟರನೇ ಇರಬೇಕು. ಅದೂ ದೊಡ್ಡ ಡಾಕ್ಟರು. ಇಷ್ಟು ವರ್ಷ ಪಕ್ಕದಲ್ಲೇ ಇದ್ದೂ ಒಂದು ಮಾತು ಹೇಳಿಕೊಂಡಿಲ್ಲವೆಂದರೆ ಎಂಥ ಸಂಪನ್ನತೆ. ಅವರು ಒಂದು ಡಬ್ಬಿ ಪಿನ್ನಿ ಉಂಡೆ ಹಿಡಿದು ಗರಾಜಿಗೆ ಬಂದರು. ಚಂದ್ರಹಾಸರು ಅವರನ್ನು ಹರ್ಜಿಂದರ್ ಕಳಿಸಿದ ಕ್ರೀಡಾಪ್ರೇಮಿ ಎಂದುಕೊಂಡರು.

"ಬೇಟಾ, ಕೈ ತೋರಿಸಬಹುದಾ?" ಬೀಜಿ ಹಿಂಜರಿಯುತ್ತ ಹರಕು ಹಿಂದಿಯಲ್ಲಿ ಕೇಳಿದರು.

"ಧಾರಾಳವಾಗಿ ಬೀಜಿ. ಅದಕ್ಕೇ ಕೂತಿದೀನಿ." ಚಂದ್ರಹಾಸರು ಅವರ ಕೈ ಹಿಡಿದು ನೈಟ್ರೈಲು ತೊಡಿಸಲು ನೋಡಿದರು. ಬೆರಳಿನ ಗೆಣ್ಣುಗಳು ಊದಿ, ನೆಲ್ಲಿಕಾಯಿಯಂತಿದ್ದವು. ಗ್ಲೌಸು ಅರ್ಧಕ್ಕೇ ನಿಂತಿತು. "ಇಲ್ಲಿ ಬಿಗಿಯುತ್ತಾ?"

"ಬಿಗಿಯುತ್ತೆ ಬೇಟಾ. ಬೆಳಿಗ್ಗೆ ಎದ್ದಾಗ ಬಹಳ."

"ಹಾಗಾದ್ರೆ ಬೆಳಿಗ್ಗೆ ಬೇಡ. ಸಂಜೆ ಮೇಲೆ ಹಾಕ್ಕೊಳ್ಳಿ. ನಿಮಗೆ ವಿನೈಲು, ಅದರಲ್ಲೂ ಎಲ್ಲಕ್ಕಿಂತ ದೊಡ್ಡದು."

"ಎಷ್ಟು ದಿನ?"

"ತೂತು ಬೀಳೋ ತನಕ."

"ಪಥ್ಯ ಏನಾದ್ರೂ?"

ಪಥ್ಯವನ್ನು ಪಂದ್ಯದ ನಿಯಮ ಎಂದುಕೊಂಡ ಚಂದ್ರಹಾಸರು ಯೋಚಿಸಿ ಹೇಳಿದರು: "ವಿನೈಲಲ್ಲಿ ತುಂಬಾ ಬಿಸಿ ಮುಟ್ಬೇಡಿ. ಎಣ್ಣೆ ಪರವಾಗಿಲ್ಲ."

ಬೀಜಿ ಭಕ್ತಿಯಿಂದ ಗ್ಲೌಸು ಕಣ್ಣಿಗೊತ್ತಿಕೊಂಡು ಹೋದರು. ಸಂಜೆ ಕೈತುಂಬ ಸಾಸಿವೆ ಎಣ್ಣೆ ಹಚ್ಚಿ, ಮೇಲೆ ವಿನೈಲು ಧರಿಸಿ ಮಲಗಿದರು. ಎಣ್ಣೆಯ ಗುಣವೋ, ಬೆಚ್ಚಗಿದ್ದ ಗುಣವೋ, ನೆರೆಮನೆಯವನೊಬ್ಬ ಕೈ ಹಿಡಿದು ವಿಚಾರಿಸಿದ ಗುಣವೋ, ಬೆಳಿಗ್ಗೆ ಬೆರಳು ಹಗುರಾಗಿ ಮಡಚಿದವು. ಅವರು ಈ ಸುದ್ದಿಯನ್ನು ಪಾರ್ಕಿನ ಬೆಂಚುಗಳ ಮೇಲೆ ಕೂರುವ ತಮ್ಮ ವಾಕಿಂಗ್ ಗೆಳತಿಯರಿಗೆ ಹೇಳಿದರು. ಬೆಂಚಿನ ಸುದ್ದಿಗೆ ಇಂಟರ್‌ನೆಟ್ಟಿಗಿಂತ ವೇಗ ಹೆಚ್ಚು.

ಮರುದಿನದಿಂದ ಗರಾಜಿನ ಮುಂದೆ ಜನ. ಒಬ್ಬರು ಲಸ್ಸಿ ತಂದರು, ಒಬ್ಬರು ತಮ್ಮ ಹಿತ್ತಿಲಿನ ಮೆಂತ್ಯ ತಂದರು. ಎಲ್ಲರೂ ಸರದಿಯಲ್ಲಿ ಕೈ ಚಾಚಿದರು. ಚಂದ್ರಹಾಸರು ಪ್ರತಿಯೊಂದು ಕೈಯನ್ನೂ ಹಿಡಿದು, ಗೆಣ್ಣು ಒತ್ತಿ, "ಇಲ್ಲಿ ಬಿಗಿಯೋ, ಸಡಿಲವೋ" ಎಂದು ತಾಳ್ಮೆಯಿಂದ ಕೇಳಿದರು. ಆ ಕೈಗಳ ಒರಟು, ನಡುಕ, ಉಗುರಿನ ಅಂಚಿನ ಅರಿಸಿನ ಎಲ್ಲವೂ ಅವರಿಗೆ ಪರಿಚಯವಾದವು.

"ಈ ದೇಶದಲ್ಲಿ ಗ್ಲೌಸ್ ಬಗ್ಗೆ ಇಷ್ಟು ಆಸಕ್ತಿ ಇದೆ ಅಂತ ನನಗೆ ಗೊತ್ತೇ ಇರ್ಲಿಲ್ಲ ಕಣೇ," ಎಂದು ಹೆಂಡತಿಯ ಬಳಿ ಭಾವುಕರಾದರು.

"ಲಸ್ಸಿ ಯಾಕೆ ತರ್ತಾರೆ ಅಂತ ಕೇಳಿದ್ರಾ?"

"ಅಭಿಮಾನ."

ಒಬ್ಬ ಸರ್ದಾರ್ಜಿ ಮಾತ್ರ ಕೈ ಬಿಟ್ಟು ಮೊಣಕಾಲು ತೋರಿಸಿದರು. ಚಂದ್ರಹಾಸರು ಅದನ್ನು ಸುತ್ತಲೂ ನೋಡಿ, ಪ್ರಾಮಾಣಿಕವಾಗಿ ತಲೆಯಾಡಿಸಿ, "ಕ್ಷಮಿಸಿ, ಇದಕ್ಕೆ ಆಗೋದು ಇನ್ನೂ ಬಂದಿಲ್ಲ," ಎಂದರು. ಪಾಪ ಅವರು ದೀರ್ಘವಾಗಿ ಉಸಿರುಬಿಟ್ಟು, "ಎಲ್ಲ ಡಾಕ್ಟರೂ ಸುತ್ತಿ ಬಳಸಿ ಹೇಳ್ತಾರೆ. ನೀವೊಬ್ಬರೇ ನೇರವಾಗಿ ಹೇಳಿದ್ದು," ಎಂದು ಪಂಜಾಬಿಯಲ್ಲಿ ವಂದಿಸಿ ಹೋದರು. ಚಂದ್ರಹಾಸರಿಗೆ ಪಂಜಾಬಿ ಬರುತ್ತಿರಲಿಲ್ಲ. ಅವರೂ ವಂದಿಸಿದರು.

ಫೈನಲ್ ನಡೆಯಬೇಕಿದ್ದ ಶುಕ್ರವಾರ ಮಧ್ಯಾಹ್ನ ಗರಾಜಿನ ಮುಂದೆ ಒಂದು ನಗರಸಭೆಯ ಕಾರು ನಿಂತಿತು. ಇಳಿದವರು ಡೆನೀಸ್ ಎಂಬ ಅಧಿಕಾರಿ, ಎತ್ತರದ ಜಮೈಕನ್ ಹೆಂಗಸು. ಈ ಮನೆಯ ಗರಾಜಿನಲ್ಲಿ ಪರವಾನಗಿಯಿಲ್ಲದ ಆಸ್ಪತ್ರೆ ನಡೆಯುತ್ತಿದೆ ಎಂದು ಯಾರೋ ಫೋನು ಮಾಡಿದ್ದರಂತೆ. ಕಮಿಟಿ ಏನು ಮಾಡುತ್ತಿದೆ ಎಂದು ನೋಡಲು ಸತ್ಯಪ್ರಕಾಶರೂ ಅದೇ ಹೊತ್ತಿಗೆ ಬಂದಿಳಿದರು.

"ನೀವು ಡಾಕ್ಟರಾ?" ಎಂದು ಡೆನೀಸ್ ಇಂಗ್ಲಿಷಿನಲ್ಲಿ ಕೇಳಿದರು.

"ಅಲ್ಲ, ಚೇರ್ಮನ್," ಎಂದರು ಚಂದ್ರಹಾಸ.

"ಮತ್ತೆ ಸಾಲಾಗಿ ಕೂತಿರುವ ಇವರೆಲ್ಲ ಯಾರು?"

"ಪ್ರೇಕ್ಷಕರು."

ಡೆನೀಸ್ ಹಿತ್ತಿಲಿನ ಕಡೆ ನೋಡಿದರು. ಅಲ್ಲಿ ಗಾಳಿಗೆ ಹಗ್ಗದ ತುಂಬ ಕೈಗಳು ಬೀಸಾಡುತ್ತಿದ್ದವು. "ಅವೇನು?"

"ಅವರಲ್ಲಿ ಕೆಲವರು ಸೋತವರು. ಒಣಗ್ತಾ ಇದಾರೆ."

ಸತ್ಯಪ್ರಕಾಶರು ಹಣೆ ಒರೆಸಿಕೊಳ್ಳುತ್ತ ಕನ್ನಡದಲ್ಲಿ ಪಿಸುಗುಟ್ಟಿದರು: "ಸಾರ್, ಪ್ಲೀಸ್, ಬಳಗದ ಹೆಸರು ಮಾತ್ರ ಎತ್ಬೇಡಿ."

ಅಷ್ಟರಲ್ಲಿ ಬೀಜಿ ಎದ್ದು ನಿಂತರು. ಅವರು ಹೇಳಿದ್ದನ್ನು ಹರ್ಜಿಂದರ್ ಅನುವಾದ ಮಾಡಿದ. "ಮೇಡಂ, ನಮ್ಮಮ್ಮ ಹೇಳ್ತಿದಾರೆ, ಈ ಡಾಕ್ಟರ್ ಚಿನ್ನದಂಥವರು, ಯಾರ ಹತ್ರಾನೂ ಫೀಸ್ ಮುಟ್ಟಿಲ್ಲ, ನನ್ನ ಕೈ ಗುಣ ಮಾಡಿದಾರೆ, ಇವರನ್ನ ಹಿಡ್ಕೊಂಡು ಹೋಗೋದಾದ್ರೆ ನನ್ನನ್ನೂ ಕರ್ಕೊಂಡು ಹೋಗಿ ಅಂತ."

ನಾಲ್ಕು ದಿನದ ಲಸ್ಸಿ, ಮೆಂತ್ಯ, ಮೊಣಕಾಲು ಎಲ್ಲವೂ ಒಟ್ಟಿಗೆ ಅರ್ಥವಾಗಿ ಚಂದ್ರಹಾಸರು ಮೆಲ್ಲನೆ ಕುರ್ಚಿಯಲ್ಲಿ ಕುಸಿದರು.

ಕೊನೆಗೆ ಕಾಪಾಡಿದ್ದು ವಸಂತಾ. ಮಾತೇ ಆಡದೆ ಡೆನೀಸರನ್ನು ಕರೆದೊಯ್ದು ಗೋಡೆಯ ರಟ್ಟಿನ ಮುಂದೆ ನಿಲ್ಲಿಸಿದರು. ಡೆನೀಸ್ ಓದಿದರು. ಸೆಮಿಫೈನಲ್ ಓದಿದರು, 'ಹೆಬ್ಬೆರಳು ನಾಪತ್ತೆ, ಔಟ್' ಎಂಬುದರ ಅರ್ಥ ಕೇಳಿ ತಿಳಿದರು. ಆಮೇಲೆ ಎಂಬತ್ತರ ಹತ್ತಿರದ ಒಬ್ಬ ಹೆಂಗಸು ಗ್ಲೌಸು ಹಾಕುವುದಿಲ್ಲ ಎಂದದ್ದನ್ನೂ, ಅವರಿಗಾಗಿ ಇಷ್ಟೆಲ್ಲ ನಡೆದದ್ದನ್ನೂ ಕೇಳಿದರು. ಅವರ ಭುಜ ಕುಲುಗತೊಡಗಿತು. ಅಳುತ್ತಿದ್ದಾರೋ ಎಂದು ಹೆದರಿದ ಸತ್ಯಪ್ರಕಾಶರು ಟಿಶ್ಯೂ ಹಿಡಿದು ಓಡಿದರು. ಡೆನೀಸ್ ನಗುತ್ತಿದ್ದರು.

"ತೊಳೆದು ಒಣಗಿಸಿದ್ದನ್ನು ಊಟಕ್ಕೆ ಬಳಸಬೇಡಿ, ಇನ್ನು ಮೇಲೆ ಯಾರ ಕೈಯನ್ನೂ ಗುಣ ಮಾಡಬೇಡಿ," ಎಂದು ಕಣ್ಣೊರೆಸಿಕೊಂಡು ಹೇಳಿದರು. ದಂಡ ಹಾಕಬಹುದಿತ್ತು, ಹಾಕಲಿಲ್ಲ. ಗಡಿಯಾರ ನೋಡಿ, "ನನಗೆ ಈಗ ಲಂಚ್ ಬ್ರೇಕು," ಎಂದು ಹರ್ಜಿಂದರನ ಕುರ್ಚಿಯಲ್ಲಿ ಕೂತರು. ಫೈನಲ್ಲಿಗೆ ಸರಕಾರಿ ಅಂಪೈರು ಸಿಕ್ಕಂತಾಯಿತು. ಬಿಸಿ ಅನ್ನಕ್ಕೆ ಗೊಜ್ಜು ಹಾಕಿ ಕಲಸುವಾಗ ವಿನೈಲು ಅಂಗೈ ಬಳಿ ಸೀಳಿತು. ನೈಟ್ರೈಲಿನ ನೀಲಿ ಕೈಯನ್ನು ಡೆನೀಸ್ ಎತ್ತಿ ಹಿಡಿದು ಗೆಲುವು ಸಾರಿದರು. ಡೆನೀಸ್ ಹೊರಟಾಗ ಅವರ ಕೈಗೆ ವಸಂತಾ ಮೊಸರಿನ ಡಬ್ಬಿಯಲ್ಲಿ ಚಿತ್ರಾನ್ನ ಕೊಟ್ಟರು.

ಚಂದ್ರಹಾಸರು ಬೀಜಿಯ ಮುಂದೆ ಕೈಮುಗಿದು, ತಾನು ಡಾಕ್ಟರಲ್ಲ ಎಂದು ಹರ್ಜಿಂದರನ ಮೂಲಕ ಹೇಳಿಸಿದರು.

"ಡಾಕ್ಟರಲ್ಲದಿದ್ರೆ ಏನಾಯ್ತು," ಎಂದರಂತೆ ಬೀಜಿ. "ಕೈಗುಣ ಇದೆ. ಡಾಕ್ಟರಿಗೆ ಅದೇ ಇರಲ್ಲ." ಪಿನ್ನಿಯ ಡಬ್ಬಿಯನ್ನು ಅವರು ವಾಪಸ್ಸು ಕೇಳಲಿಲ್ಲ.

ಮರುದಿನ ಶನಿವಾರ, ಗಡುವಿನ ದಿನ. ಚಂದ್ರಹಾಸರು ಕಪ್ ಗೆದ್ದ ನೈಟ್ರೈಲನ್ನು ಒಂದು ಕೈಚೀಲದಲ್ಲೂ, ಇರಲಿ ಎಂದು ವಸಂತಾ ತುರುಕಿದ ಉಳಿದ ಹೊಸ ಪೆಟ್ಟಿಗೆಗಳನ್ನು ಇನ್ನೊಂದರಲ್ಲೂ ಹಿಡಿದು ಲೀಲಮ್ಮನವರ ಅಪಾರ್ಟ್‌ಮೆಂಟಿಗೆ ಹೋದರು. ದಾರಿಯುದ್ದಕ್ಕೂ ಒಂದು ಭಾಷಣ ಸಿದ್ಧ ಮಾಡಿದ್ದರು. ನೈಟ್ರೈಲಿನಲ್ಲಿ ರಬ್ಬರಿನ ಅಂಶವಿಲ್ಲ, ನೀಲಿ ಕೃಷ್ಣನ ಬಣ್ಣ, ಆದ್ದರಿಂದ ಮಡಿಗೆ ಬಾಧಕವಿಲ್ಲ ಎಂಬುದು ಅದರ ಸಾರಾಂಶ.

ಲೀಲಮ್ಮ ಭಾಷಣವನ್ನು ಪೂರ್ತಿ ಕೇಳಿದರು. "ಕಾಫಿ ಕುಡಿ ಮೊದಲು," ಎಂದು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ, "ಚಂದ್ರಹಾಸ, ಈ ಡಿಕಾಕ್ಷನ್ ಫಿಲ್ಟರ್ ಒಂಚೂರು ಬಿಚ್ಚಿಕೊಡಪ್ಪ," ಎಂಬ ದನಿ ಬಂತು. ಅವರು ಬಿಚ್ಚಿಕೊಟ್ಟರು. ಅಷ್ಟೇನೂ ಗಟ್ಟಿಯಿರಲಿಲ್ಲ. ಲೀಲಮ್ಮ ಲೋಟವನ್ನು ಬೆರಳಲ್ಲಿ ಹಿಡಿಯದೆ ಎರಡೂ ಅಂಗೈಗಳ ನಡುವೆ ಇಟ್ಟುಕೊಂಡು ತಂದರು. ತಂದಿಟ್ಟ ತಕ್ಷಣ ಕೈಗಳು ಶಾಲಿನೊಳಗೆ ಸರಿದವು.

ಒಂದು ವಾರದ ಕೆಳಗಾಗಿದ್ದರೆ ಚಂದ್ರಹಾಸರು ಕಾಫಿಯ ಹೊರತು ಬೇರೇನನ್ನೂ ನೋಡುತ್ತಿರಲಿಲ್ಲ. ಆದರೆ ಈ ವಾರವೆಲ್ಲ ಅವರು ಬೀದಿಯವರ ಕೈಗಳನ್ನು ಹಿಡಿದು ಕೂತಿದ್ದರು. ಅವರು ಲೋಟ ಕೆಳಗಿಟ್ಟರು.

"ಅಮ್ಮಾ, ಕೈ ತೋರಿಸ್ತೀರಾ?"

"ಕೈಯಲ್ಲಿ ಏನಿದೆ ನೋಡಕ್ಕೆ?"

"ಸುಮ್ನೆ."

ಕೊನೆಗೆ ಶಾಲಿನಿಂದ ಬಲಗೈ ಹೊರಬಂತು. ಗೆಣ್ಣುಗಳು ಊದಿ, ಬೆರಳುಗಳು ಒಂದರ ಕಡೆ ಒಂದು ವಾಲಿದ್ದವು.

"ಮಡಿ ಗಿಡಿ ಏನಿಲ್ಲ ಕಣೋ," ಎಂದರು ಲೀಲಮ್ಮ, ಕಿಟಕಿಯ ಕಡೆ ನೋಡುತ್ತ. "ಪಾತ್ರೆ ತೊಳೆಯೋ ಗ್ಲೌಸೂ ಈ ಕೈಗೆ ಹತ್ತಲ್ಲ. ಕಲಸಕ್ಕೆ ಆಗುತ್ತೆ. ಬಿಸಿ ಅನ್ನದೊಳಗೆ ಹೋದ್ರೆ ಈ ಗೆಣ್ಣಿಗೇ ಹಿತ. ಆದ್ರೆ ಅಷ್ಟು ಜನದ ಮುಂದೆ ಒಂದು ಚೀಲ ಹಾಕ್ಕೊಳ್ಳಕ್ಕಾಗದೆ ಒದ್ದಾಡಿದ್ರೆ, ಪಾಪ ಮುದುಕಿ, ಇನ್ನು ಕೂರಿಸ್ಬಿಡಿ ಅಂತಾರೆ. ಕೂರಿಸಿದ್ರೆ ಮುಗೀತು."

ಚಂದ್ರಹಾಸರು ನೈಟ್ರೈಲಿನ ಪೆಟ್ಟಿಗೆಯನ್ನು ಮೆಲ್ಲಗೆ ಕಾಲಿನಿಂದ ಸೋಫಾದ ಕೆಳಗೆ ನೂಕಿದರು. ಗೆದ್ದವರಿಗೆಲ್ಲ ಕೆಲಸ ಸಿಗುತ್ತದೆಂಬ ನಿಯಮವೇನೂ ಇಲ್ಲ. ಇನ್ನೊಂದು ಚೀಲದಿಂದ ಎಲ್ಲಕ್ಕಿಂತ ದೊಡ್ಡ ವಿನೈಲು ತೆಗೆದು, ಊದಿ ಬಾಯಿ ಅಗಲಿಸಿ, ಲೀಲಮ್ಮನವರ ಮುಂದೆ ನೆಲದ ಮೇಲೆ ಕೂತರು. "ಹರಿದ್ರೆ ಇನ್ನೊಂದು ಹಾಕೋಣ. ಪೆಟ್ಟಿಗೆ ತುಂಬಾ ಇದೆ," ಎಂದರು.

ಬೆರಳ ತುದಿ ಒಳಗೆ ಹೋದವು. ಗೆಣ್ಣಿನ ಬಳಿ ನಿಂತವು. ಲೀಲಮ್ಮ ಉಸಿರು ಬಿಗಿಹಿಡಿದರು, ಕೈ ಇನ್ನಷ್ಟು ಬಿಗಿಯಾಯಿತು.

"ಹಾಗಲ್ಲ," ಎಂದರು ಅವರೇ. "ನಮ್ಮ ಬೀದಿಗೆ ಬಳೆಗಾರ ಬರ್ತಿದ್ದ. ನಮ್ಮಜ್ಜಿದೂ ಹೀಗೇ ಗೆಣ್ಣು. ಅವನು ಕೈ ಒತ್ತಿ ಒತ್ತಿ ಮೆತ್ತಗೆ ಮಾಡಿ, ಮಾತಾಡಿಸ್ತಾನೇ ಇರೋನು. ಮನೇಲಿ ಏನಡುಗೆ ತಾಯಿ ಅನ್ನೋನು. ಅಜ್ಜಿ ಉತ್ತರ ಹೇಳೋಷ್ಟ್ರಲ್ಲಿ ಗಾಜಿನ ಬಳೆ ಒಳಗೆ. ಕೈಗೆ ಗೊತ್ತಾಗ್ಬಾರ್ದು, ಅಷ್ಟೇ."

ಚಂದ್ರಹಾಸರು ಗೆಣ್ಣು ಒತ್ತುತ್ತ ಕೇಳಿದರು: "ಮನೇಲಿ ಏನಡುಗೆ ತಾಯಿ?"

"ಅನ್ನ ಸಾರು."

ಮಾತು ಅಲ್ಲಿಗೇ ಮುಗಿಯಿತು. ಗ್ಲೌಸು ಕದಲಲಿಲ್ಲ.

"ನೀನು ಬಳೆಗಾರ ಅಲ್ಲ ಬಿಡು," ಎಂದು ಲೀಲಮ್ಮ ಕೈ ಹಿಂದಕ್ಕೆಳೆಯಲು ನೋಡಿದರು.

ಚಂದ್ರಹಾಸರು ಬಿಡಲಿಲ್ಲ. ಗಂಟಲು ಸರಿಮಾಡಿಕೊಂಡು, ತನಗೆ ಬರುತ್ತಿದ್ದ ಒಂದೇ ಒಂದು ಮಾತಿನ ಬಗೆಗೆ ಕೈಹಾಕಿದರು. "ಇದೀಗ ಪಾಲಿಥೀನು ಪೆವಿಲಿಯನ್ ಕಡೆಯಿಂದ ಬರ್ತಾ ಇದಾರೆ. ವಸಂತಾ ಕೈ ಎತ್ತಿದಾರೆ, ಹೆಬ್ಬೆರಳು ನಾಪತ್ತೆ. ಅನ್ನ ಸುರಿದು ಮೂವರೂ ಹುಡುಕ್ತಾ ಇದಾರೆ. ಅಂಪೈರು ಮಾತ್ರ ಏನೋ ಅಗೀತಾ ನಿಂತಿದಾರೆ. ಕರಿಬೇವು ಅಂತಾರೆ..."

"ಅಯ್ಯೋ, ನಿನ್ನ ಬಾಯಲ್ಲಾ?" ಲೀಲಮ್ಮನವರಿಗೆ ನಗು ತಡೆಯಲಿಲ್ಲ. ಭುಜ ಸಡಿಲವಾಯಿತು, ತೋಳು ಸಡಿಲವಾಯಿತು, ಬೆರಳು ಸಡಿಲವಾಯಿತು. ಅವರು ಕಣ್ಣೊರೆಸಿಕೊಳ್ಳಲು ಎತ್ತಿದ ಕೈಗೆ ಮಣಿಕಟ್ಟಿನ ತನಕ ಗ್ಲೌಸು ಇತ್ತು.

ಇಬ್ಬರೂ ಅದನ್ನು ನೋಡುತ್ತ ಕೂತರು. ಲೀಲಮ್ಮ ಒಂದೊಂದೇ ಬೆರಳನ್ನು ಮಡಚಿ, ಬಿಡಿಸಿ, ಗಾಳಿಯಲ್ಲೇ ಅನ್ನ ಕಲಸುವಂತೆ ಒಂದು ಸುತ್ತು ತಿರುಗಿಸಿದರು.

"ಸತ್ಯಪ್ರಕಾಶಂಗೆ ಫೋನ್ ಮಾಡಿ ಆ ಬಟರ್ ನಾನ್ ಬೇಡ ಅಂತ ಹೇಳು," ಎಂದರು. "ಅವತ್ತು ಬೆಳಿಗ್ಗೆ ನೀನೇ ಬಂದು ಹಾಕ್ಬೇಕು. ಇಲ್ಲೇ. ಪಾರ್ಕಲ್ಲಿ ಅಲ್ಲ."

ಚಂದ್ರಹಾಸರು ತಲೆಯಾಡಿಸಿದರು. ಅವರು ಫೋನಿಗೆ ಎದ್ದು ಹೋಗಲು ನೋಡಿದರು.

"ಎಲ್ಲಿಗೆ ಎದ್ದೆ?" ಎಂದು ಲೀಲಮ್ಮ ಶಾಲಿನೊಳಗಿಂದ ಎಡಗೈಯನ್ನು ಹೊರತೆಗೆದು ಅವರ ಮುಂದೆ ಚಾಚಿದರು. "ಇನ್ನೊಂದು ಕೈ ಹಾಗೇ ಇದೆ. ಮಾತಾಡು."